ಡಾ. ಇಗ್ಲಾಲ್ ಶಲಬಿ ಮತ್ತು ಎಂಬತ್ತಮೂರನೆಯ ಪುಟ

1996ನೆಯ ಇಸವಿ ಜೂನ್ 23, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನಮ್ಮ ವಿಜ್ಞಾನ ಕಾಲೇಜಿನ ಎರಡನೆಯ ಮಹಡಿಯಲ್ಲಿ ‘ಕಂಟ್ರೋಲ್’ ಎಂದು ಎಲ್ಲರೂ ಕರೆಯುವ ಕೋಣೆಯ ಕಬ್ಬಿಣದ ಬಾಗಿಲು ಒಳಗಿನಿಂದ ತೆರೆಯಿತು. ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶ ಹೊರಬೀಳುವ ದಿನದವರೆಗೆ ಉತ್ತರಪತ್ರಿಕೆಗಳೂ ಅವುಗಳನ್ನು ತಿದ್ದುವವರೂ ಇರುವ ಕೋಣೆ ಅದು. ಚಹಾದ ತಟ್ಟೆಗೆ ಮಾತ್ರ ಒಂದು ಗೇಣು ತೆರೆಯುವ ಆ ಬಾಗಿಲು ಅಂದು ಪೂರ್ತಿ ತೆರೆಯಿತು. ಡಾ. ಇಗ್ಲಾಲ್ ಶಲಬಿಯವರು ಹೊಸ್ತಿಲ ಮೇಲೆ ನಿಂತು, ಮೊಗಸಾಲೆಯಲ್ಲಿ ಫಲಿತಾಂಶದ ಸುಳಿವಿಗಾಗಿ ಕಾದಿದ್ದ ಹದಿನೈದು ಇಪ್ಪತ್ತು ವಿದ್ಯಾರ್ಥಿಗಳಿಗೆ ಕೇಳುವಂತೆ ಹೇಳಿದರು:

“ನಾಲ್ಕನೇ ಪ್ರಶ್ನೆಯ ಮಾದರಿ ಉತ್ತರ ತಪ್ಪು. ಪ್ರಶ್ನೇನೇ ತಪ್ಪು. ನಾನು ಬರೆದದ್ದು, ನಾನು ಕಲಿಸಿದ್ದು. ಎಲ್ಲ ಪತ್ರಿಕೇನೂ ಮತ್ತೆ ತಿದ್ದುತ್ತೀವಿ.”

ಆ ಗುಂಪಿನಲ್ಲಿ ನಾನೂ ಇದ್ದೆ. ಇಪ್ಪತ್ತು ವರ್ಷಗಳ ಅನಂತರ, ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಬೇಸಿಗೆಯಲ್ಲಿ ಇದನ್ನು ಬರೆಯುವಾಗಲೂ ಆ ಕ್ಷಣದ ಆಘಾತ ನನ್ನಲ್ಲಿ ಪೂರ್ತಿ ಇಳಿದಿಲ್ಲ. ಪ್ರಾಧ್ಯಾಪಕರು ತಪ್ಪುತ್ತಾರೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದರೆ ತಪ್ಪಿದ್ದೇನೆಂದು ಬಾಗಿಲು ತೆರೆದು, ಅದೂ ವಿದ್ಯಾರ್ಥಿಗಳ ಎದುರಿಗೆ, ಯಾರೂ ಕೇಳದಿದ್ದಾಗ ಹೇಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ನೈಲ್ ನದಿಯ ಮುಖಜಭೂಮಿಯ ಕಾಲೇಜುಗಳಲ್ಲಿ ವಾಸ್ತವ ವಿಶ್ಲೇಷಣೆ ಎಂಬ ಗಣಿತಶಾಖೆಯನ್ನು ಕಲಿತವರಲ್ಲಿ ಡಾ. ಇಗ್ಲಾಲ್ ಅವರ ಹೆಸರು ಕೇಳದವರು ವಿರಳ. ಅನಂತ ಶ್ರೇಣಿಗಳ ಅಭಿಸರಣವನ್ನು ಕುರಿತ ಅವರ ಹನ್ನೊಂದು ಸಂಶೋಧನಾ ಪ್ರಬಂಧಗಳ ಬಗ್ಗೆ ಇದೇ ಅಭಿನಂದನಾ ಸಂಪುಟದಲ್ಲಿ ನನಗಿಂತ ಅರ್ಹರು ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಅವರ ಬದುಕಿನ ಕಡಿಮೆ ಗೌರವದ, ಹೆಚ್ಚು ಬೆವರಿನ ಭಾಗವನ್ನು ಕುರಿತು. ಹೋಂವರ್ಕ್ ಕೊಡುವುದು, ಪ್ರಶ್ನೆಪತ್ರಿಕೆ ಬರೆಯುವುದು, ಉತ್ತರಪತ್ರಿಕೆ ತಿದ್ದುವುದು ಎಂಬ ಮೂರು ಕೆಲಸಗಳನ್ನು ಬಹುಪಾಲು ಅಧ್ಯಾಪಕರು ಕಂದಾಯದಂತೆ ಸಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. ಅವರು ಮಾತ್ರ ತಮ್ಮ ಮೂವತ್ತೆರಡು ವರ್ಷಗಳ ಬಹುಭಾಗವನ್ನು ಅವಕ್ಕೇ ಕೊಟ್ಟರು.

ಬುಡಾಪೆಸ್ಟಿನಲ್ಲಿ ಸಂಶೋಧನೆ ಮುಗಿಸಿ 1984ರಲ್ಲಿ ಅವರು ನಮ್ಮ ಕಾಲೇಜಿಗೆ ಬಂದಾಗ ಇಲ್ಲಿನ ಪದ್ಧತಿ ಸರಳವಾಗಿತ್ತು. ಪ್ರಾಧ್ಯಾಪಕರು ಟಿಪ್ಪಣಿ ಪುಸ್ತಕವೊಂದನ್ನು ಅಚ್ಚು ಹಾಕಿಸುವರು. ವಿದ್ಯಾರ್ಥಿಗಳು ಅದನ್ನು ಗೇಟಿನೆದುರಿನ ಅಂಗಡಿಯಲ್ಲಿ ಕೊಂಡು ಬಾಯಿಪಾಠ ಮಾಡುವರು. ವರ್ಷದ ಕೊನೆಯ ಒಂದೇ ಪರೀಕ್ಷೆಯಲ್ಲಿ ಅದನ್ನು ಅಲ್ಪವಿರಾಮವೂ ತಪ್ಪದಂತೆ ಬರೆಯುವರು. ಡಾ. ಇಗ್ಲಾಲ್ ಟಿಪ್ಪಣಿ ಪುಸ್ತಕವನ್ನು ಅಚ್ಚು ಹಾಕಿಸಿದರು, ಏಕೆಂದರೆ ಅದಿಲ್ಲದೆ ತರಗತಿ ನಡೆಯುತ್ತಿರಲಿಲ್ಲ. ಆದರೆ ಅದರ ಜೊತೆಗೆ, ಯಾರೂ ಕೇಳದಿದ್ದ ಹೋಂವರ್ಕನ್ನೂ ತಂದರು. ಶುಕ್ರವಾರ ರಜೆಯಿರುವ ನಮ್ಮ ವಾರದಲ್ಲಿ ಪ್ರತಿ ಶನಿವಾರ ಮೂರು ಲೆಕ್ಕ, ಗುರುವಾರ ವಾಪಸು.

1992ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ನನಗೆ ನನ್ನ ಮೊದಲ ಹೋಂವರ್ಕ್ ಹಾಳೆ ಮರಳಿ ಬಂದಾಗ ಅದರ ಮೇಲೆ ಅಂಕವೇ ಇರಲಿಲ್ಲ. ಎರಡನೆಯ ಪುಟದ ಅಂಚಿನಲ್ಲಿ, ಏಳನೆಯ ಸಾಲಿನ ಪಕ್ಕದಲ್ಲಿ, ಪೆನ್ಸಿಲಿನ ಒಂದು ಚುಕ್ಕೆ ಮಾತ್ರ ಇತ್ತು. ನಾನು ಅವರ ಕೋಣೆಗೆ ಹೋದೆ. ಡಾಕ್ಟರೇಟ್ ಪಡೆದ ಅಧ್ಯಾಪಕಿಯನ್ನು ನಮ್ಮಲ್ಲಿ ‘ದುಕ್ತೂರಾ’ ಎನ್ನುತ್ತಾರೆ, ಗಂಡಸನ್ನು ‘ದುಕ್ತೂರ್’.

“ದುಕ್ತೂರಾ, ನನ್ನ ಅಂಕ ಎಲ್ಲಿ?”

“ಚುಕ್ಕೆ ಎಲ್ಲಿದೆಯೋ ಅಲ್ಲಿ ಹುಡುಕು.”

“ಅಂದ್ರೆ?”

“ಅಲ್ಲೀತನಕ ನೀನು ಬರೆದಿದ್ದೀಯ, ಮಗಾ. ಅಲ್ಲಿಂದಾಚೆ ನಿನ್ನ ನೆನಪು ಬರೆದಿದೆ.”

ಅದು ಅಕ್ಷರಶಃ ನಿಜವಾಗಿತ್ತು. ಏಳನೆಯ ಸಾಲಿನಲ್ಲಿ ನನಗೆ ದಾರಿ ತಪ್ಪಿತ್ತು. ಎಂಟನೆಯ ಸಾಲಿನಿಂದ ಟಿಪ್ಪಣಿ ಪುಸ್ತಕವನ್ನು ಇಳಿಸಿದ್ದೆ. ಇಷ್ಟು ನಿಖರವಾಗಿ ಒಬ್ಬರು ನನ್ನ ತಲೆಯೊಳಗನ್ನು ಓದಬಲ್ಲರೆಂಬುದು ನನಗೆ ಅಂದು ದಿಗ್ಭ್ರಮೆ ಹುಟ್ಟಿಸಿತು. ಆದರೂ, ಇದನ್ನು ಒಪ್ಪಿಕೊಳ್ಳಬೇಕು, ಅದರಿಂದ ನಾನು ಕಲಿತದ್ದು ಹೋಂವರ್ಕನ್ನು ಯೋಚಿಸಿ ಮಾಡಬೇಕು, ಪರೀಕ್ಷೆಯನ್ನು ಬಾಯಿಪಾಠ ಮಾಡಿ ಬರೆಯಬೇಕು ಎಂಬುದನ್ನು. ಹೋಂವರ್ಕಿಗೆ ಅಂಕವಿರಲಿಲ್ಲ, ಪರೀಕ್ಷೆಗಿತ್ತು. ನನ್ನ ನೆನಪು ಎಷ್ಟು ಚೆನ್ನಾಗಿತ್ತೆಂದರೆ ಗೆಳೆಯರು ನನ್ನನ್ನು ‘ಫೋಟೋಕಾಪಿ’ ಎಂದು ಕರೆಯುತ್ತಿದ್ದರು. ಮೊದಲ ಮೂರು ವರ್ಷವೂ ತರಗತಿಗೆ ನಾನೇ ಮೊದಲಿಗ.

ಎರಡನೆಯವನು ಇಸ್ಮತ್ ದರ್ವೀಶ್. ಅವನ ತಂದೆ ನದಿಯಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದರು. ಶನಿವಾರ ಸಂತೆಯ ದಿನವಾದ್ದರಿಂದ ಇಸ್ಮತ್ ಹುಟ್ಟು ಹಾಕಬೇಕಿತ್ತು, ತರಗತಿಗೆ ಬರುವಂತಿರಲಿಲ್ಲ. ಇದು ತಿಳಿದ ಡಾ. ಇಗ್ಲಾಲ್ ಎರಡು ವರ್ಷ ಶನಿವಾರದ ಸಂಜೆ ಮನೆಗೆ ಹೋಗುವ ದಾರಿ ಬಳಸಿ ದೋಣಿಕಟ್ಟೆಗೆ ಹೋಗಿ ಅವನ ಕೈಗೆ ಲೆಕ್ಕದ ಹಾಳೆ ಕೊಡುತ್ತಿದ್ದರು. ಅವರು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಈಚೆ ಬರುವಷ್ಟರಲ್ಲಿ ಅವನ ಹಿಂದಿನ ವಾರದ ತಪ್ಪುಗಳ ಚರ್ಚೆ ಮುಗಿಯುತ್ತಿತ್ತು. ಈ ಸಂಗತಿಯನ್ನು ಅವರಾಗಲಿ ಅವನಾಗಲಿ ಯಾರಿಗೂ ಹೇಳಿರಲಿಲ್ಲ; ಒಂದು ಸಂಜೆ ಅದೇ ದೋಣಿಯಲ್ಲಿ ನಾನು ಇದ್ದುದರಿಂದ ಗೊತ್ತಾಯಿತು. ಕಾಲೇಜಿನ ದುಕ್ತೂರಾ ಒಬ್ಬರು ಕೋಳಿಬುಟ್ಟಿಗಳ ನಡುವೆ ಕುಳಿತು ಹುಡುಗನೊಬ್ಬನ ಜೊತೆ ಅಸಮಾನತೆಗಳ ಬಗ್ಗೆ ಜಗಳವಾಡುತ್ತಿದ್ದುದನ್ನು ಕಂಡು ನಾನು ಇಳಿಯಬೇಕಾದ ದಡದಲ್ಲಿ ಇಳಿಯುವುದನ್ನೇ ಮರೆತೆ.

ಇಸ್ಮತ್‌ನ ಬಳಿ ಟಿಪ್ಪಣಿ ಪುಸ್ತಕವಿರಲಿಲ್ಲ. ನನ್ನದನ್ನು ಆಗಾಗ ಕೇಳಿ ಪಡೆಯುತ್ತಿದ್ದ, ಮರುದಿನವೇ ಹಿಂತಿರುಗಿಸುತ್ತಿದ್ದ.

“ಇನ್ನೆರಡು ದಿನ ಇಟ್ಕೊಳ್ಳೋ,” ಎಂದರೆ ನಗುತ್ತಿದ್ದ. “ಇಟ್ಕೊಂಡು ಏನ್ಮಾಡ್ಲಿ? ನನ್ನ ತಲೆ ನಮ್ಮಪ್ಪನ ದೋಣಿ ಇದ್ದ ಹಾಗೆ, ಸೋರತ್ತೆ. ಬಾಯಿಪಾಠ ನಿಲ್ಲಲ್ಲ ಕಣೋ ಫೋಟೋಕಾಪಿ. ಪ್ರತಿ ಸಲ ಮೊದಲಿಂದ ಮಾಡ್ಬೇಕು.”

ನಾಲ್ಕನೆಯ ವರ್ಷದ ಪರೀಕ್ಷೆಗೆ ಬರುವ ಹೊತ್ತಿಗೆ, ಒಟ್ಟು ಅಂಕಗಳಲ್ಲಿ ಮೊದಲಿಗನಾಗುವವನಿಗೆ ನಮ್ಮ ವಿಭಾಗದಲ್ಲಿ ಮುಈದ್ ಎಂಬ ಕಿರಿಯ ಬೋಧಕನ ಹುದ್ದೆ ಸಿಗುವುದೆಂದು ಎಲ್ಲರಿಗೂ ತಿಳಿದಿತ್ತು. ಆ ವರ್ಷ ಇದ್ದದ್ದು ಒಂದೇ ಹುದ್ದೆ. ಎರಡನೆಯವನಿಗೆ ಏನೂ ಇಲ್ಲ. ನಮ್ಮ ಬೀದಿಯಲ್ಲಿ ನನ್ನ ತಾಯಿಯನ್ನು ಆಗಲೇ ‘ದುಕ್ತೂರನ ತಾಯಿ’ ಎಂದು ಕರೆಯಲು ಶುರು ಮಾಡಿದ್ದರು.

ವಿಶ್ಲೇಷಣೆಯ ಪ್ರಶ್ನೆಪತ್ರಿಕೆಯ ನಾಲ್ಕನೆಯ ಪ್ರಶ್ನೆಗೆ ಇಪ್ಪತ್ತು ಅಂಕ. ಒಂದು ಬಗೆಯ ಅನಂತ ಶ್ರೇಣಿ ಸೊನ್ನೆಯಿಂದ ಒಂದರವರೆಗೆ ಏಕರೂಪವಾಗಿ ಅಭಿಸರಿಸುತ್ತದೆಂದು ಸಾಧಿಸಬೇಕಿತ್ತು. ಟಿಪ್ಪಣಿ ಪುಸ್ತಕದ ಎಂಬತ್ತಮೂರನೆಯ ಪುಟದಲ್ಲಿ ಅದರ ಸಾಧನೆ ಇತ್ತು. ಅದರಲ್ಲಿದ್ದ ದೋಷವನ್ನು ಗಣಿತ ಬಾರದವರಿಗೂ ಹೇಳಬಹುದು. ಪ್ರತಿಯೊಂದು ಬೀಗಕ್ಕೂ ಒಂದೊಂದು ಕೀಲಿಕೈ ಇದೆ ಎಂದು ತೋರಿಸಿ, ಆದ್ದರಿಂದ ಎಲ್ಲ ಬೀಗಗಳನ್ನೂ ತೆರೆಯುವ ಒಂದೇ ಕೀಲಿಕೈ ಇದೆ ಎಂದುಬಿಡುವ ದೋಷ ಅದು. ಹನ್ನೆರಡು ಸಾಲುಗಳ ಮಧ್ಯೆ, ಒಂಬತ್ತನೆಯ ಸಾಲಿನಲ್ಲಿ, ಎಷ್ಟು ನಯವಾಗಿ ಅದು ನಡೆದುಹೋಗಿತ್ತೆಂದರೆ ಆ ಪುಟ ಅಚ್ಚಾದ ಆರು ವರ್ಷಗಳಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಬರೆದವರ ಕಣ್ಣಿಗೂ.

ಅರವತ್ತೊಂದು ವಿದ್ಯಾರ್ಥಿಗಳಲ್ಲಿ ಐವತ್ತೆಂಟು ಮಂದಿ ಎಂಬತ್ತಮೂರನೆಯ ಪುಟವನ್ನು ಹಾಗೆಯೇ ಬರೆದಿದ್ದರು. ಇಬ್ಬರು ಜಾಗ ಖಾಲಿ ಬಿಟ್ಟಿದ್ದರು. ಒಂದು ಪತ್ರಿಕೆಯಲ್ಲಿ ಮಾತ್ರ, ಅರ್ಧ ಪುಟದಲ್ಲಿ, ‘ಈ ಹೇಳಿಕೆ ಸುಳ್ಳು’ ಎಂದು ಬರೆದು ಕೆಳಗೆ ಒಂದು ಉದಾಹರಣೆ ಕೊಡಲಾಗಿತ್ತು. ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದ ಇಬ್ಬರು ಪರೀಕ್ಷಕರೂ ಅದಕ್ಕೆ ಸೊನ್ನೆ ಹಾಕಿದ್ದರು. ಸಹಿ ಮಾಡುವ ಮೊದಲು, ಸೊನ್ನೆ ಬಿದ್ದ ಪ್ರತಿ ಉತ್ತರವನ್ನೂ ತಾವೇ ಮತ್ತೊಮ್ಮೆ ಓದುವುದು ಡಾ. ಇಗ್ಲಾಲ್ ಅವರ ಕ್ರಮವಾಗಿತ್ತು. ಹಾಗೆ ಓದುತ್ತ ಆ ಅರ್ಧ ಪುಟದ ಮುಂದೆ ಅವರು ನಲವತ್ತು ನಿಮಿಷ ಕುಳಿತರು ಎಂದು ಅಂದು ಜೊತೆಗಿದ್ದ ಡಾ. ರಿಫ್ಅತ್ ಆಮೇಲೆ ನನಗೆ ಹೇಳಿದ್ದಾರೆ. ಬಾಗಿಲು ತೆರೆದದ್ದು ಅದಾದ ಮೇಲೆ.

ಅವರ ಹಿಂದೆಯೇ, ವಿಭಾಗದ ಹಿರಿಯರಾದ ಡಾ. ರಿಫ್ಅತ್ ಓಡಿಬಂದರು. “ದುಕ್ತೂರಾ ಇಗ್ಲಾಲ್, ಒಳಗೆ ಬನ್ನಿ! ಬಾಗಿಲು ಹಾಕಿ! ಹುಡುಗ್ರ ಮುಂದೆ ಇದೆಲ್ಲ ಮಾತಾಡೋದಾ?”

“ಹುಡುಗರದ್ದೇ ವಿಷಯ, ಅದಕ್ಕೇ.”

ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಜವಾನ ಸಾಬಿರ್ ಮಾಮ ಅವರಿಬ್ಬರನ್ನೂ ನೋಡಿ, ಬಳಿಕ ನಮ್ಮ ಮುಖಗಳನ್ನು ನೋಡಿ, “ದೇವ್ರೇ, ಇವತ್ತು ಲೋಟಕ್ಕೆ ಐದು ಚಮಚ ಸಕ್ಕರೆ ಹಾಕ್ಬೇಕು,” ಎಂದರು.

ಆ ದಿನ ಮಧ್ಯಾಹ್ನ ಡೀನರ ಕೋಣೆಯಲ್ಲಿ ನಡೆದ ಸಭೆಯ ಮಾತುಗಳನ್ನು ಡಾ. ರಿಫ್ಅತ್ ಅವರಿಂದ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಡೀನರು ಸುಲಭದ ದಾರಿ ತೋರಿಸಿದರು. ನಾಲ್ಕನೆಯ ಪ್ರಶ್ನೆಯನ್ನು ರದ್ದು ಮಾಡಿ, ಅದರ ಇಪ್ಪತ್ತು ಅಂಕಗಳನ್ನು ಉಳಿದ ನಾಲ್ಕು ಪ್ರಶ್ನೆಗಳಿಗೆ ಹಂಚಿಬಿಡುವುದು. ಇದು ನಮ್ಮಲ್ಲಿ ವಾಡಿಕೆ. ಯಾರಿಗೂ ನೋವಿಲ್ಲ, ಯಾವ ಸ್ಥಾನವೂ ಬದಲಾಗುವುದಿಲ್ಲ.

ಡಾ. ಇಗ್ಲಾಲ್ ಒಪ್ಪಲಿಲ್ಲ. “ಒಬ್ಬ ವಿದ್ಯಾರ್ಥಿ ಸತ್ಯ ಬರೆದಿದ್ದಾನೆ. ಅದನ್ನ ರದ್ದು ಮಾಡೋಕೆ ನಾನು ಯಾರು?”

“ಉಳಿದ ಐವತ್ತೆಂಟು ಮಂದಿ?” ಎಂದರು ಡೀನರು. “ನೀವು ಹೇಳಿಕೊಟ್ಟದ್ದನ್ನೇ ಬರೆದಿದ್ದಾರಲ್ಲ ಪಾಪ.”

“ಹೌದು. ಅದಕ್ಕೇ ಅವರನ್ನ ಫೇಲ್ ಮಾಡೋ ಹಾಗಿಲ್ಲ. ಆದರೆ ಸುಳ್ಳಿಗೆ ಅಂಕ ಕೊಡೋ ಹಾಗೂ ಇಲ್ಲ. ದಯಾ ಸಮಿತಿ ಇದೆಯಲ್ಲ ಸರ್, ಅದನ್ನ ಕರೀರಿ.”

ಅಂಚಿನಲ್ಲಿ ನಿಂತವರಿಗೆ ಒಂದಿಷ್ಟು ಅಂಕ ಕೂಡಿಸಿ ಪಾಸು ಮಾಡುವ ದಯಾ ಸಮಿತಿ ನಮ್ಮ ಪ್ರತಿ ಕಾಲೇಜಿನಲ್ಲೂ ಇದೆ. ಆ ವರ್ಷ ಅದು ಹತ್ತೊಂಬತ್ತು ಮಂದಿಯನ್ನು ದಡ ಸೇರಿಸಿತು. ಆದರೆ ದಯೆಯ ಅಂಕ ಪಾಸಾಗುವುದಕ್ಕಷ್ಟೇ. ಸ್ಥಾನ ನಿರ್ಣಯಕ್ಕೆ ಲೆಕ್ಕಕ್ಕಿಲ್ಲ. ಪತ್ರಿಕೆಗಳ ಮೇಲೆ ಹೆಸರಿನ ಬದಲು ಗುಪ್ತಸಂಖ್ಯೆ ಇದ್ದುದರಿಂದ, ಈ ನಿರ್ಧಾರಕ್ಕೆ ಸಹಿ ಹಾಕುವಾಗ ಇದರಿಂದ ಯಾರು ಏರುತ್ತಾರೆ, ಯಾರು ಇಳಿಯುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಇಳಿದವನು ನಾನು. ನಾಲ್ಕು ವರ್ಷಗಳ ಒಟ್ಟು ಅಂಕಗಳಲ್ಲಿ ನಾನು ಇಸ್ಮತ್‌ಗಿಂತ ಮೂವತ್ತೆಂಟು ಅಂಕ ಮುಂದಿದ್ದೆ. ನನ್ನಿಂದ ಇಪ್ಪತ್ತು ಹೋಯಿತು, ಅವನಿಗೆ ಇಪ್ಪತ್ತು ಬಂತು. ಆ ಅರ್ಧ ಪುಟ ಬರೆದವನು ಅವನೇ. ಎರಡು ಅಂಕ ಹಿಂದೆ ಬಿದ್ದೆ.

ಫಲಿತಾಂಶದ ಫಲಕದ ಮುಂದೆ ನಿಂತು ನಾನು ನಮ್ಮಿಬ್ಬರ ಹೆಸರಿದ್ದ ಎರಡು ಸಾಲುಗಳನ್ನು ಎಷ್ಟು ಸಲ ಓದಿದೆನೋ ತಿಳಿಯದು. ಮನೆಯಲ್ಲಿ ತಾಯಿ ಹಿಟ್ಟಿನ ಕೈ ತೊಳೆಯದೆಯೇ ಬಂದು ಬಾಗಿಲಲ್ಲಿ ನಿಂತರು.

“ಏನಂತೆ ಲಬೀಬ್?”

“ಎರಡನೆಯವನು.”

“ಯಾರು ಎರಡನೆಯವನು?”

“ನಾನು, ಅಮ್ಮ.”

“ಆ ದುಕ್ತೂರಾನೇ ಅಲ್ವಾ ತಪ್ಪು ಮಾಡಿದ್ದು? ತಪ್ಪು ಅವಳದು, ಶಿಕ್ಷೆ ನಿನಗಾ? ಯಾವ ಊರ ನ್ಯಾಯ ಇದು! ಹೋಗು, ಅರ್ಜಿ ಹಾಕು. ಬಾಯಿ ಇದೆಯಲ್ಲ ನಿನಗೆ?”

ತಾಯಿ ಕೇಳಿದ್ದು ಸಾಧಾರಣ ಪ್ರಶ್ನೆಯಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಜುಲೈ 9ರಂದು ನನ್ನನ್ನು ಕರೆದರು. ಕೋಣೆಯಲ್ಲಿ ಡಾ. ಇಗ್ಲಾಲ್, ಡಾ. ರಿಫ್ಅತ್, ಮೇಜಿನ ಮೇಲೆ ಗುಪ್ತಸಂಖ್ಯೆ ಒಡೆದ ನನ್ನ ಉತ್ತರಪತ್ರಿಕೆ. ನಾಲ್ಕನೆಯ ಉತ್ತರದ ಪುಟ ತೆರೆದಿತ್ತು. ಒಂಬತ್ತನೆಯ ಸಾಲಿಗೆ ಮೊದಲು, ಎರಡು ಗೀಟುಗಳಿಂದ ಹೊಡೆದುಹಾಕಿದ ಒಂದು ಸಾಲು ಇತ್ತು. ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ.

ಹೊಡೆದುಹಾಕಿದ ಸಾಲು ಹೀಗಿತ್ತು: ‘x ಒಂದಕ್ಕೆ ಹತ್ತಿರವಾದಂತೆ N ಎಲ್ಲಿ ನಿಲ್ಲುತ್ತದೆ?’ ಬೀಗಗಳು ಬೇರೆಯಾದಂತೆ ಕೀಲಿಕೈಯೂ ಬೇರೆಯಾಗುತ್ತಿದೆಯಲ್ಲ ಎಂಬುದೇ ಆ ಸಾಲಿನ ಅರ್ಥ. ದೋಷ ನನಗೆ ಕಂಡಿತ್ತು.

ಡಾ. ರಿಫ್ಅತ್ ಮೃದು ಮನಸ್ಸಿನವರು. ನನ್ನ ತಂದೆಯ ಕಾಲದಿಂದ ಪರಿಚಿತರು. ಅವರು ಮುಂದೆ ಬಾಗಿ ಹೇಳಿದರು: “ನೋಡು ಮಗಾ, ಹೊಡೆದುಹಾಕಿದ್ದನ್ನ ಓದಬಾರದು ಅಂತ ನಿಯಮ. ಆದರೆ ಗೀಟು ಕೈಜಾರಿ ಬಿದ್ದಿದ್ರೆ ಬೇರೆ ಮಾತು. ಪರೀಕ್ಷೇಲಿ ಕೈ ನಡುಗತ್ತೆ, ಬೆವರತ್ತೆ, ಎಲ್ಲರಿಗೂ ಆಗೋದೇ. ಈ ಸಾಲಿಗೆ ಮೂರು ಅಂಕ ಕೊಡಬಹುದು. ನಾನು ಕೊಡ್ತೀನಿ. ಗೀಟು ಕೈಜಾರಿ ಬಿತ್ತು, ಅಲ್ವಾ?”

ಮೂರು ಅಂಕ. ನಾನು ಹಿಂದಿದ್ದದ್ದು ಎರಡು.

ನಾನು ಡಾ. ಇಗ್ಲಾಲ್ ಅವರನ್ನು ನೋಡಿದೆ. ಅವರು ನನ್ನನ್ನು ತಡೆಯಲೂ ಇಲ್ಲ, ಹುರಿದುಂಬಿಸಲೂ ಇಲ್ಲ. “ಇದನ್ನ ಬರೆದಾಗ ನಿನಗೆ ಏನು ಕಾಣಿಸಿತ್ತು?” ಎಂದು ಕೇಳಿದರು.

ಹೇಳಿದೆ. ಸರಿಯಾಗಿ ಹೇಳಿದೆ, ಉದಾಹರಣೆಯನ್ನೂ ಅಲ್ಲೇ ಕಟ್ಟಿ ತೋರಿಸಿದೆ. ಡಾ. ರಿಫ್ಅತ್ ಸಂತೋಷದಿಂದ ಮೇಜು ತಟ್ಟಿದರು. “ನೋಡಿ! ಹುಡುಗನಿಗೆ ಗೊತ್ತು!”

“ಗೊತ್ತು,” ಎಂದರು ಡಾ. ಇಗ್ಲಾಲ್. “ಮತ್ತೆ ಯಾಕೆ ಹೊಡೆದುಹಾಕಿದೆ, ಲಬೀಬ್?”

‘ಕೈಜಾರಿ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಲಿಲ್ಲ. ಅದು ನನ್ನ ಸಜ್ಜನಿಕೆಯೆಂದು ಯಾರೂ ತಿಳಿಯಬಾರದು. ನನ್ನಲ್ಲಿ ಅಂದು ಇದ್ದದ್ದು ಸಿಟ್ಟು. ಅವರಿಗೆ ನೋವಾಗಲಿ ಎಂದೇ ನಿಜ ಹೇಳಿದೆ.

“ನಿಮ್ಮ ಎಂಬತ್ತಮೂರನೇ ಪುಟದಲ್ಲಿ ಈ ಸಾಲು ಇರ್ಲಿಲ್ಲ, ದುಕ್ತೂರಾ. ಅಂಕ ನಿಮ್ಮ ಕೈಲಿತ್ತು. ನಾನು ಸರಿ ಅಂತ ನನಗೆ ಗೊತ್ತಿತ್ತು. ನಿಮ್ಮ ಪುಟಕ್ಕೆ ಅಂಕ ಸಿಗತ್ತೆ ಅನ್ನೋದೂ ಗೊತ್ತಿತ್ತು.”

ಅವರ ಮುಖದಿಂದ ರಕ್ತ ಇಳಿದುಹೋದುದನ್ನು ನಾನು ಕಂಡೆ. ಬಾಗಿಲು ತೆರೆದು ನಿಂತ ದಿನ ಅವರು ಬಿಳಿಚಿಕೊಂಡಿರಲಿಲ್ಲ. ತಮ್ಮ ತಪ್ಪನ್ನು ಒಬ್ಬರೂ ಕಾಣಲಿಲ್ಲವೆಂದು ಅವರು ಅಲ್ಲಿಯವರೆಗೆ ನಂಬಿದ್ದರು. ಕಂಡವನೊಬ್ಬ ಅದನ್ನು ತಮಗಾಗಿ ಮುಚ್ಚಿಹಾಕಿದ್ದಾನೆಂಬುದು ಅವರು ಎಣಿಸಿರದ ಸಂಗತಿ. ಹನ್ನೆರಡು ವರ್ಷ ಶನಿವಾರ ಶನಿವಾರ ಹೋಂವರ್ಕ್ ತಿದ್ದಿ, ನಿಮ್ಮದನ್ನು ಬರೆಯಿರಿ ಎಂದು ಚುಕ್ಕೆ ಇಡುತ್ತ ಬಂದವರಿಗೆ, ತಮ್ಮ ಮೊದಲ ದರ್ಜೆಯ ವಿದ್ಯಾರ್ಥಿ ಆ ಚುಕ್ಕೆಯಿಂದ ಕಲಿತದ್ದೇನೆಂಬುದು ಆ ಒಂದು ವಾಕ್ಯದಲ್ಲಿ ತಿಳಿಯಿತು.

ಅವರು ಹೇಳಿದರು: “ಪರೀಕ್ಷೆ ಬರೆದವನು ನೀನಾದ್ರೂ ಫೇಲಾದವಳು ನಾನು.” ಮತ್ತೆ ಪತ್ರಿಕೆಯನ್ನು ಮಡಿಸಿ, “ಆದರೆ ಅಂಕ ಸೊನ್ನೆಯೇ. ಬರೆದವನೇ ಬೇಡ ಅಂದ ಸಾಲಿಗೆ ನಾನು ಅಂಕ ಕೊಡಲಾರೆ.”

ಡಾ. ರಿಫ್ಅತ್ ಎದ್ದು ಕಿಟಕಿಯ ಬಳಿಗೆ ಹೋದರು. ನಾನು ಹೊರಗೆ ಬಂದೆ. ಮೆಟ್ಟಿಲಿಳಿದು ಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ಡಾ. ಇಗ್ಲಾಲ್ ಗೇಟಿನೆದುರಿನ ಅಂಗಡಿಗೆ ಸಾಬಿರ್ ಮಾಮನೊಂದಿಗೆ ಹೋಗಿ, ತಮ್ಮ ಟಿಪ್ಪಣಿ ಪುಸ್ತಕದ ಉಳಿದ ಪ್ರತಿಗಳನ್ನೆಲ್ಲ ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಅಂದಿನಿಂದ ಇಂದಿನವರೆಗೆ ಅವರು ಟಿಪ್ಪಣಿ ಪುಸ್ತಕ ಅಚ್ಚು ಹಾಕಿಸಿಲ್ಲ. ಅದೇ ವಾರ ಡೀನರಿಗೆ ಪತ್ರ ಬರೆದು, ಈ ತಪ್ಪನ್ನು ತಮ್ಮ ಸೇವಾ ದಾಖಲೆಯಲ್ಲಿ ಸೇರಿಸಬೇಕೆಂದು ಕೋರಿದರು. ಇಂಥ ಕೋರಿಕೆಗೆ ಯಾವ ನಮೂನೆಯೂ ಇಲ್ಲದ್ದರಿಂದ ಕಚೇರಿಯವರು ಮೂರು ತಿಂಗಳು ಆ ಪತ್ರವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಕಳಿಸುತ್ತಿದ್ದರಂತೆ. ಕೊನೆಗೆ ಸೇರಿಸಿದರು. ಅವರ ಬಡ್ತಿ ಅದರಿಂದ ನಾಲ್ಕು ವರ್ಷ ತಡವಾಯಿತು. ಈ ವಿಷಯ ನನಗೆ ತಿಳಿದದ್ದು ಅವರಿಂದಲ್ಲ. ಹತ್ತು ವರ್ಷಗಳ ಅನಂತರ, ಬೇರೆಯದೊಂದು ಕಡತ ಹುಡುಕುವಾಗ.

ನಾನು ಮರುಭೂಮಿಯ ಅಂಚಿನ ಊರೊಂದರ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿ ಸೇರಿದೆ. ಅವರ ಹೆಸರೆತ್ತಿದರೆ ಸಾಕು, ಮೈ ಉರಿಯುತ್ತಿತ್ತು. ಅಕ್ಟೋಬರಿನಲ್ಲಿ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಮೂರು ಲೆಕ್ಕ. ಪತ್ರವಿಲ್ಲ, ಕ್ಷಮೆಯಿಲ್ಲ, ಕುಶಲ ಪ್ರಶ್ನೆಯಿಲ್ಲ. ಹರಿದು ಎಸೆದೆ. ಮರುವಾರ ಇನ್ನೊಂದು ಬಂತು. ಐದನೆಯ ವಾರ, ಹರಿಯುವ ಮೊದಲು ಓದಿದೆ, ಓದಿದ್ದು ತಪ್ಪಾಯಿತು. ಎರಡನೆಯ ಲೆಕ್ಕದ ಹೇಳಿಕೆ ಸುಳ್ಳೆಂದು ನನಗೆ ಅನಿಸಿತು. ಮೂರು ದಿನ ಅದರ ಹಿಂದೆ ಬಿದ್ದೆ. ‘ಇದು ಸುಳ್ಳು’ ಎಂದು ಬರೆದು, ಕಾರಣ ಕೊಟ್ಟು, ಅಂಚೆಗೆ ಹಾಕಿದೆ. ಹಾಳೆ ಮರಳಿ ಬಂದಾಗ ಅದರ ಮೇಲೆ ಚುಕ್ಕೆಯೇ ಇರಲಿಲ್ಲ. ನಾನು ಶಿಕ್ಷಕರ ಕೋಣೆಯಲ್ಲಿ ಕುಳಿತು ಎರಡೂ ಪುಟಗಳನ್ನು ಬೆಳಕಿಗೆ ಹಿಡಿದು ಹುಡುಕಿದೆ. ನನ್ನ ಜೀವನದಲ್ಲಿ ಅವರಿಂದ ಚುಕ್ಕೆಯಿಲ್ಲದೆ ಬಂದ ಮೊದಲ ಹಾಳೆ ಅದು.

ಆ ಲಕೋಟೆಗಳು ನಾಲ್ಕೂವರೆ ವರ್ಷ ಬಂದವು. ಅವುಗಳಿಂದಲೇ ನನ್ನ ಸ್ನಾತಕೋತ್ತರ ಪ್ರಬಂಧ ಬೆಳೆಯಿತು. 2001ರಲ್ಲಿ ವಿಭಾಗದಲ್ಲಿ ಹೊಸ ಹುದ್ದೆ ಬಂದಾಗ ಅರ್ಜಿ ಹಾಕಿ ಆಯ್ಕೆಯಾದೆ. ಆಯ್ಕೆ ಸಮಿತಿಯಲ್ಲಿ ಅವರಿರಲಿಲ್ಲ. ನನ್ನ ಹೆಸರು ಕಂಡ ಕೂಡಲೇ ತಾವಾಗಿ ಹೊರಗುಳಿದಿದ್ದರು. ಮೊದಲ ದಿನ ನನ್ನನ್ನು ಬಾಗಿಲಲ್ಲಿ ಎದುರುಗೊಂಡವನು ಇಸ್ಮತ್. “ಬಂದ್ಯಾ ಫೋಟೋಕಾಪಿ? ಐದು ವರ್ಷದಿಂದ ನಿನ್ನ ಪಾಲಿನ ಪತ್ರಿಕೇನೂ ನಾನೇ ತಿದ್ತಿದ್ದೀನಿ ಮಾರಾಯ, ಕೂತ್ಕೋ,” ಎಂದು ಒಂದು ಕಟ್ಟನ್ನು ನನ್ನ ತೊಡೆಯ ಮೇಲೆ ಹಾಕಿದ. ಈಗ ವಿಭಾಗದ ಮುಖ್ಯಸ್ಥನೂ ಈ ಸಂಪುಟದ ಸಂಪಾದಕನೂ ಆಗಿರುವ ಅವನು ಈ ಲೇಖನ ಕೇಳಿದಾಗ ಹಾಕಿದ ಷರತ್ತು ಒಂದೇ: “ಹೊಗಳಿಕೆ ಬಾಯಿಪಾಠ ಒಪ್ಪಿಸ್ಬೇಡ. ಆದದ್ದನ್ನ ಬರಿ.”

ನಾನು ಮರಳಿ ಬರುವಷ್ಟರಲ್ಲಿ ಅವರ ಪರೀಕ್ಷೆಗಳೇ ಬದಲಾಗಿದ್ದವು. 1997ರಿಂದ ಪ್ರತಿ ವರ್ಷ, ಪಾಠದ ಮೊದಲ ದಿನವೇ ಅವರು ತರಗತಿಗೆ ಘೋಷಿಸುತ್ತ ಬಂದಿದ್ದಾರೆ: ನನ್ನ ಪ್ರಶ್ನೆಪತ್ರಿಕೆಯಲ್ಲಿ ಸಾಧಿಸಿ ಎಂದು ಕೇಳಿರುವ ಹೇಳಿಕೆಗಳಲ್ಲಿ ಒಂದು ಸುಳ್ಳಾಗಿರುತ್ತದೆ, ಯಾವುದೆಂದು ಹೇಳುವುದಿಲ್ಲ. ಇದನ್ನು ಕೇಳಿ ಹೊಸ ವಿದ್ಯಾರ್ಥಿಗಳ ಮುಖ ಕಂಗಾಲಾಗುವುದನ್ನು ಹದಿನೈದು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿಯೇಬಿಟ್ಟಳು:

“ದುಕ್ತೂರಾ, ಪರೀಕ್ಷೇಲಿ ಸುಳ್ಳು ಹಾಕೋದು ಹರಾಮ್ ಅಲ್ವಾ?”

“ಹಾಕೋದಲ್ಲ ಮಗಳೇ. ಗೊತ್ತಿದ್ದೂ ಅದರ ಕೆಳಗೆ ನಿನ್ನ ಹೆಸರು ಬರೆಯೋದು ಹರಾಮ್.”

ದೇಶದಲ್ಲಿ ಕ್ರಾಂತಿ ಎದ್ದ 2011ರ ಚಳಿಗಾಲದಲ್ಲಿ ಕಾಲೇಜು ವಾರಗಟ್ಟಲೆ ಮುಚ್ಚಿತ್ತು. ಯಾವ ಪರೀಕ್ಷೆ ಎಂದು ನಡೆಯುವುದೋ, ನಡೆಯುವುದೋ ಇಲ್ಲವೋ ಯಾರಿಗೂ ತಿಳಿಯದು. ಡಾ. ಇಗ್ಲಾಲ್ ಬೆಳಿಗ್ಗೆ ರೊಟ್ಟಿಯ ಅಂಗಡಿಯ ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಬಾಯಿಂದ ಬಾಯಿಗೆ ಹಬ್ಬಿಸಿದರು. ಮರುವಾರದಿಂದ ಆ ಸಾಲಿನಲ್ಲಿ ಹೋಂವರ್ಕ್ ಹಿಡಿದ ಹುಡುಗ ಹುಡುಗಿಯರು ತುಂಬಿಕೊಂಡರು. “ರೊಟ್ಟಿಗೆ ಬಂದ್ರೋ ಪಾಠಕ್ಕೆ ಬಂದ್ರೋ?” ಎಂದು ಅಂಗಡಿಯವನು ಬೈಯುತ್ತಿದ್ದ. ಬೀದಿಯ ಆ ತುದಿಯಲ್ಲಿ ಅಶ್ರುವಾಯುವಿನ ವಾಸನೆ ಇರುವಾಗ, ಈ ತುದಿಯಲ್ಲಿ ಹಿರಿಯ ಮಹಿಳೆಯೊಬ್ಬರು ಬಿಸಿ ರೊಟ್ಟಿಗಳ ಕಟ್ಟನ್ನೇ ಮೇಜು ಮಾಡಿಕೊಂಡು ಅಂಚಿನಲ್ಲಿ ಚುಕ್ಕೆ ಇಡುತ್ತಿದ್ದುದನ್ನು ನಾನು ನಿಂತು ನೋಡಿದ್ದೇನೆ. ಆ ಅವಧಿಯಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ವಾರವೂ ತಪ್ಪದೆ ನಡೆದದ್ದು ಅವರ ಹೋಂವರ್ಕ್ ಮಾತ್ರ.

ತಾಯಿ ಕೇಳಿದ ಪ್ರಶ್ನೆಯನ್ನು ನಾನು ಬಹಳ ಕಾಲ ಹೊತ್ತುಕೊಂಡಿದ್ದೆ. ತಪ್ಪು ಅವರದು, ಸೊನ್ನೆ ನನಗೆ, ಇದು ನ್ಯಾಯವೇ? ಪ್ರಶ್ನೆಪತ್ರಿಕೆ ಬರೆಯುವವನಾಗಿ, ತಿದ್ದುವವನಾಗಿ ಹದಿನೈದು ವರ್ಷ ಕಳೆದ ಮೇಲೂ ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಉಳಿದ ಐವತ್ತೇಳು ಮಂದಿಗೆ ಅದು ಕಠೋರವಾಯಿತೆಂದು ಇಂದಿಗೂ ನನ್ನ ಅಭಿಪ್ರಾಯ. ಅದನ್ನು ಅವರಿಗೆ ನೇರವಾಗಿ ಹೇಳಿದ್ದೇನೆ, ಅವರು ಅಲ್ಲಗಳೆದಿಲ್ಲ. ನನಗಾದದ್ದು ಮಾತ್ರ ಸರಿಯಾಗಿತ್ತು. ಕಂಡದ್ದನ್ನು ಹೊಡೆದುಹಾಕಿದವನನ್ನು, ಕಾಣದೆ ಬರೆದವರ ಸಾಲಿನಲ್ಲಿ ನಿಲ್ಲಿಸಿದ್ದೇ ಅವರು ತೋರಿದ ದಯೆ.

ಈ ಬೇಸಿಗೆ ಅವರಿಗೆ ಅರವತ್ತು ತುಂಬುತ್ತದೆ. ಸಮಾರಂಭದಲ್ಲಿ ವಿಶ್ವವಿದ್ಯಾಲಯದ ಫಲಕ ಕೊಡುತ್ತಾರೆ, ಭಾಷಣಗಳಾಗುತ್ತವೆ. ಅವರು ಕೇಳಿರುವುದು ಒಂದೇ: ಕಂಟ್ರೋಲ್ ಕೋಣೆಯ ಕುರ್ಚಿಯೊಂದನ್ನು ತಮಗಾಗಿ ಉಳಿಸಬೇಕು, ಸೊನ್ನೆ ಬಿದ್ದ ಉತ್ತರಗಳನ್ನು ಓದಲು. ಇಸ್ಮತ್ ಉಳಿಸಿದ್ದಾನೆ. ಅವರ ಕಣ್ಣಿನ ಬೆಳಕು ಮಂದವಾಗದಿರಲಿ, ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ನೋವು ಬಾರದಿರಲಿ, ಅವರು ಇನ್ನೂ ಬಹಳ ವರ್ಷ ನಮ್ಮ ಮಧ್ಯೆ ಕುಳಿತು ನಮ್ಮನ್ನು ಬೆಚ್ಚಿಬೀಳಿಸುತ್ತಿರಲಿ ಎಂದು ಅವರ ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ.

ಅವರು ಬರೆದ ಕೊನೆಯ ಪ್ರಶ್ನೆಪತ್ರಿಕೆಯ ಮೌಲ್ಯಮಾಪನವನ್ನು ಕಳೆದ ಮಂಗಳವಾರ ನಾವಿಬ್ಬರೂ ಮುಗಿಸಿದೆವು. ಈ ಸಲದ ಸುಳ್ಳು ಹೇಳಿಕೆ ಎರಡನೆಯ ಪ್ರಶ್ನೆಯಲ್ಲಿತ್ತು. ಕಟ್ಟು ಕಟ್ಟುವ ಮೊದಲು ಅವರು ಪ್ರತಿ ವರ್ಷದಂತೆ ಎಣಿಸಲು ಹೇಳಿದರು, ಎಣಿಸಿದೆ. ಅವರು ನಂಬಲಿಲ್ಲ; ಮತ್ತೊಮ್ಮೆ ಎಣಿಸಿದೆ. ಪರೀಕ್ಷೆ ಬರೆದವರು ಅರವತ್ತನಾಲ್ಕು. ಹೇಳಿಕೆ ಸುಳ್ಳೆಂದು ಬರೆದವರು ಮೂವತ್ತೇಳು. ಸುಳ್ಳೆಂದು ಬರೆದು, ಆಮೇಲೆ ಹೊಡೆದುಹಾಕಿದವರು ಮೂವರು.